ಇದ್ದವರು ಇಳಿದು ಬರುವ ಪ್ರೀತಿ: ಮನೆಯಿಂದ ಶುರು ಮಾಡುವ ಬಗೆ

1941ರ ಜುಲೈ ಕೊನೆ. ಆಶ್‌ವಿಟ್ಜ್ ಸೆರೆಶಿಬಿರದಿಂದ ಒಬ್ಬ ಕೈದಿ ಕಾಣೆಯಾದನೆಂದು, ಅದಕ್ಕೆ ಶಿಕ್ಷೆಯಾಗಿ ಹತ್ತು ಮಂದಿಯನ್ನು ಉಪವಾಸ ಕೆಡವಿ ಸಾಯಿಸಲು ಆರಿಸಿದರು. ಅವರಲ್ಲೊಬ್ಬ, ಫ್ರಾನ್ಸಿಸ್ಜೆಕ್ ಗಯೋವ್ನಿಚೆಕ್, ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದ. ಪೋಲೆಂಡಿನ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ಸಾಲು ಬಿಟ್ಟು ಮುಂದೆ ಬಂದು, ಅವನ ಬದಲು ತಾವು ಹೋಗುವುದಾಗಿ ಹೇಳಿದರು. ಆಗಸ್ಟ್ 14ರಂದು ಅವರನ್ನು ವಿಷದ ಚುಚ್ಚುಮದ್ದು ಕೊಟ್ಟು ಕೊಂದರು. ಗಯೋವ್ನಿಚೆಕ್ 1995ರ ತನಕ ಬದುಕಿದ್ದ.

ಚರ್ಚಿನ ಪ್ರಸಂಗದಲ್ಲಿ ಈ ಕಥೆ ಬಂದಾಗ ಕಣ್ಣು ಒದ್ದೆಯಾಗುತ್ತದೆ. ಜೊತೆಗೆ, ಒಪ್ಪಿಕೊಳ್ಳಲು ಕಷ್ಟವಾದರೂ, ಒಳಗೊಳಗೇ ಒಂದು ನಿರಾಳವೂ ಇರುತ್ತದೆ: ನಮ್ಮನ್ನು ಯಾರೂ ಇಷ್ಟು ಕೇಳುವುದಿಲ್ಲವಲ್ಲ! ನಮ್ಮ ಪಾಲಿಗೆ ಬರುವುದು ಭಾನುವಾರದ ಪಾತ್ರೆಯ ರಾಶಿ, ನಡುರಾತ್ರಿ ನೀರು ಕೇಳುವ ಹಾಸಿಗೆ ಹಿಡಿದ ಅತ್ತೆ, ಅಪ್ಪ ಬಿಟ್ಟುಹೋದ ಸೈಟಿನ ಪಾಲು, ಚರ್ಚಿನ ಸಭೆಯಲ್ಲಿ ಪಕ್ಕ ಕೂತರೆ ಸಾಕು ಮೈ ಉರಿಸುವ ಒಬ್ಬರು. ಬೈಬಲಿನಲ್ಲಿ ಯೋಹಾನನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯ ತೆರೆದು ನೋಡಿ. 16ನೆಯ ವಚನ ಪ್ರಾಣ ಕೊಡುವ ಮಾತಾಡುತ್ತದೆ. 17ನೆಯದು ಸೀದಾ ಮನೆಗೆ ಬರುತ್ತದೆ: ಕೈಯಲ್ಲಿ ಇದ್ದೂ ಕೊರತೆಯಲ್ಲಿರುವ ಸಹೋದರನನ್ನು ನೋಡಿ ಮನಸ್ಸು ಮುಚ್ಚಿಕೊಂಡರೆ ಅವನಲ್ಲಿ ದೇವರ ಪ್ರೀತಿ ಎಲ್ಲಿದ್ದೀತು? ಪ್ರಾಣ ಕೊಡುವ ಪ್ರೀತಿ ಮತ್ತು ಅನ್ನ ಬಟ್ಟೆ ಕೊಡುವ ಪ್ರೀತಿ ಯೋಹಾನನಿಗೆ ಎರಡಲ್ಲ.

ಇದನ್ನು ದಿನದ ಬದುಕಿನಲ್ಲಿ ಹೇಗೆ ಶುರು ಮಾಡುವುದು ಎನ್ನುವುದಷ್ಟೇ ಈ ಲೇಖನದ ವಿಷಯ. ಕೆಳಗಿನದೆಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ಎರಡು ಹೆಜ್ಜೆ ಮಾತ್ರ ಬಿಡುವಂತಿಲ್ಲ.

ಮೊದಲ ಹೆಜ್ಜೆ: ಈಗಾಗಲೇ ಯಾರು ಬಿಟ್ಟುಕೊಡುತ್ತಿದ್ದಾರೆ ನೋಡಿ

ತ್ಯಾಗ ಎಂದ ಕೂಡಲೇ ನಾವು ಹೊಸದಾಗಿ ಏನು ಮಾಡಲಿ ಎಂದು ಯೋಚಿಸುತ್ತೇವೆ. ಅದಕ್ಕೂ ಮೊದಲು ಒಂದು ವಾರ ಮನೆಯಲ್ಲಿ ಸುಮ್ಮನೆ ಗಮನಿಸಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವರು ಯಾರು? ಕೊನೆಗೆ ಉಂಡವರು ಯಾರು, ಅವರ ತಟ್ಟೆಗೆ ಮೀನಿನ ಯಾವ ತುಂಡು ಬಿತ್ತು? ಮಗುವಿಗೆ ಜ್ವರ ಬಂದ ದಿನ ರಜೆ ಹಾಕಿದವರು ಯಾರು? ಆರಾಧನೆಗೆ ಹೊರಡುವಾಗ ಎಲ್ಲರ ಬಟ್ಟೆ ಇಸ್ತ್ರಿಯಾಗಿ, ಯಾರೊಬ್ಬರದು ಮಾತ್ರ ಅವಸರದಲ್ಲಿ ಉಟ್ಟಂತಿತ್ತೇ? ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಯಾರಿಗೂ ತೋರಿಸಬೇಡಿ. ಬಹಳ ಮನೆಗಳಲ್ಲಿ ಆ ಚೀಟಿಯ ತುಂಬ ಒಂದೇ ಹೆಸರು ಇರುತ್ತದೆ. ಸಾಮಾನ್ಯವಾಗಿ ಅದು ಅಮ್ಮನದು, ಹೆಂಡತಿಯದು ಅಥವಾ ಮದುವೆಯಾಗದೆ ಉಳಿದ ಅಕ್ಕನದು.

ಈಗ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ಓದಿ. ದೇವರಿಗೆ ಸಮಾನನಾಗಿದ್ದ ಯೇಸು ಆ ಸ್ಥಾನಕ್ಕೆ ಅಂಟಿಕೊಳ್ಳಲಿಲ್ಲ, ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದನು ಎನ್ನುತ್ತದೆ ಅದು. ಇಳಿದು ಬಂದವನು ಮೇಲೆ ಇದ್ದವನು. ಮೇಲಿನ ಕೋಣೆಯಲ್ಲಿ ಕಾಲು ತೊಳೆಯಲು ಟವೆಲು ಸುತ್ತಿಕೊಂಡು ಬೋಗುಣಿ ಹಿಡಿದವನು ಗುರು, ಶಿಷ್ಯರಲ್ಲ. ಈ ದಿಕ್ಕನ್ನು ಮರೆತರೆ ಇಡೀ ಬೋಧನೆ ತಲೆಕೆಳಗಾಗುತ್ತದೆ. ಈಗಾಗಲೇ ಕೆಳಗಿರುವವರಿಗೆ ಇನ್ನೂ ಸ್ವಲ್ಪ ಬಾಗಿ, ಕರ್ತನೂ ಸಹಿಸಿಕೊಂಡನಲ್ಲ ಎಂದು ಹೇಳುವುದು ಸುವಾರ್ತೆ ಅಲ್ಲ, ಅನುಕೂಲ. ಇಂಥ ಬುದ್ಧಿಮಾತನ್ನು ನಮ್ಮ ಕುಟುಂಬಗಳೂ ಸಭೆಗಳೂ ಸೊಸೆಯಂದಿರಿಗೆ ಧಾರಾಳವಾಗಿಯೇ ಹಂಚಿವೆ.

ಹಾಗಾಗಿ ಚೀಟಿಯಲ್ಲಿ ತುಂಬಿರುವುದು ನಿಮ್ಮದೇ ಹೆಸರಾದರೆ, ಕೆಳಗಿನ ಹೆಜ್ಜೆಗಳನ್ನು ನಿಮ್ಮ ಮೇಲೆ ಹೇರಿಕೊಳ್ಳಬೇಡಿ. ಲೇಖನವನ್ನು ಮನೆಯ ಉಳಿದವರ ಕೈಗೆ ಕೊಡಿ, ನೀವು ಕೆಳಗಿನ ‘ಎಲ್ಲಿ ನಿಲ್ಲಬೇಕು’ ಎಂಬ ಭಾಗ ಓದಿದರೆ ಸಾಕು.

ಎರಡನೆಯದು: ಒಂದು ಕೆಲಸ ಹಿಡಿಯಿರಿ, ಪೂರ್ತಿ ಹಿಡಿಯಿರಿ

ಚೀಟಿಯಿಂದ ಒಂದೇ ಒಂದು ಕೆಲಸ ಆರಿಸಿ. ಸಹಾಯ ಮಾಡಬೇಡಿ, ಆ ಕೆಲಸವನ್ನೇ ವಹಿಸಿಕೊಳ್ಳಿ. ಸಹಾಯ ಮಾಡುವವನು ಮನಸ್ಸು ಬಂದಾಗ ಬರುತ್ತಾನೆ, ಏನು ಮಾಡಲಿ ಎಂದು ಕೇಳುತ್ತಾನೆ, ಹೊಗಳಿಕೆಗೆ ಕಾಯುತ್ತಾನೆ. ನೆನಪಿಡುವ ಭಾರ ಮಾತ್ರ ಮೊದಲಿನವರ ತಲೆಯಲ್ಲೇ ಉಳಿಯುತ್ತದೆ.

ಭಾನುವಾರದ ಮಧ್ಯಾಹ್ನದೂಟವನ್ನೇ ತೆಗೆದುಕೊಳ್ಳಿ. ಸಬ್ಬತ್ತು, ವಿಶ್ರಾಂತಿ ಎಂದು ನಾವು ಹೇಳುವ ದಿನವೇ ಅಡಿಗೆಮನೆಗೆ ವಾರದ ಅತಿ ದೊಡ್ಡ ದಿನ. ಆರಾಧನೆ ಮುಗಿದ ಮೇಲೆ ಗಂಡಸರು ಅಂಗಳದಲ್ಲಿ ನಿಂತು ಮಾತಾಡುತ್ತಿರುತ್ತಾರೆ, ಹೆಂಗಸರು ಕುಕ್ಕರ್ ನೆನೆದು ಮನೆಗೆ ಓಡುತ್ತಾರೆ. ಈ ಊಟವನ್ನು ಗಂಡನೋ ದೊಡ್ಡ ಮಗನೋ ವಹಿಸಿಕೊಳ್ಳುವುದಾದರೆ ಕ್ರಮ ಹೀಗಿರಲಿ. ಶುಕ್ರವಾರವೇ ಏನು ಅಡಿಗೆ ಎಂದು ನೀವೇ ತೀರ್ಮಾನಿಸಿ. ಶನಿವಾರ ಸಂಜೆ ತರಕಾರಿ, ಕೊತ್ತಂಬರಿ, ತೆಂಗಿನಕಾಯಿ ತನ್ನಿ. ಬೆಳ್ಳುಳ್ಳಿ ಸುಲಿದು, ಮಸಾಲೆ ರುಬ್ಬಿ ಫ್ರಿಜ್ಜಿನಲ್ಲಿಡಿ. ಭಾನುವಾರ ಬೆಳಿಗ್ಗೆ ಹೊರಡುವ ಮೊದಲೇ ಸಾರು ಕುದಿಸಿ, ಅಕ್ಕಿ ತೊಳೆದಿಡಿ. ಬಿರಿಯಾನಿಯ ಸಾಹಸ ಬೇಡ. ಅನ್ನ, ಸಾರು, ಒಂದು ಪಲ್ಯ, ಹಪ್ಪಳ ಸಾಕು. ಜೀರಿಗೆ ಡಬ್ಬಿ ಎಲ್ಲಿ ಎಂದು ಕೂಗಬೇಡಿ, ಹುಡುಕಿ. ಉಂಡ ಮೇಲೆ ಪಾತ್ರೆ ತೊಳೆದು, ಒಲೆ ಕಟ್ಟೆ ಒರೆಸಿ, ಸಿಂಕಿನ ಜಾಲರಿಯಲ್ಲಿ ಸಿಕ್ಕಿದ ಅನ್ನದ ಅಗುಳು ತೆಗೆಯುವಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಅದಕ್ಕೆ ಮುಂಚೆ ಅಲ್ಲ. ಫೋಟೋ ತೆಗೆದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಪಡೆಯಬೇಕಾದ ಪ್ರತಿಫಲ ಅಲ್ಲೇ ಪಡೆದಂತಾಯಿತು. ಮತ್ತಾಯ ಆರನೆಯ ಅಧ್ಯಾಯ ಅದನ್ನು ಖಂಡಿತವಾಗಿ ಹೇಳುತ್ತದೆ.

ಮೊದಲ ಸಲ ಸಾರು ನೀರಾದೀತು. ಮನೆಯವರು ನಾನೇ ಮಾಡಿಬಿಡುತ್ತೇನೆ ಬಿಡಿ ಎಂದಾರು. ಬಿಡಬೇಡಿ. ಅವರಿಗೆ ನಂಬಿಕೆ ಬರುವವರೆಗೆ ವಾರಗಳೇ ಹಿಡಿಯುತ್ತವೆ, ಹಿಡಿಯಲಿ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಊಟಕ್ಕಿಂತ ಮುಖ್ಯವಾದದ್ದು ರಾತ್ರಿಯ ಪಾಳಿ. ವಾರಕ್ಕೆ ಎರಡು ರಾತ್ರಿ ನಾನು ನೋಡಿಕೊಳ್ಳುತ್ತೇನೆ ಎಂದು ವಹಿಸಿಕೊಂಡರೆ, ದಿನವೂ ನೋಡಿಕೊಳ್ಳುವವರನ್ನು ಆ ಎರಡು ರಾತ್ರಿ ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿ ಮಲಗಿಸಿ. ಔಷಧಿಯ ಹೊತ್ತು, ಮಗ್ಗುಲು ಬದಲಿಸುವುದು, ಡೈಪರ್ ಎಲ್ಲವನ್ನೂ ಹಗಲಲ್ಲೇ ಕೇಳಿ ಕಲಿತುಕೊಳ್ಳಿ, ರಾತ್ರಿ ಅವರನ್ನು ಎಬ್ಬಿಸುವಂತಾಗಬಾರದು.

ಸಮಯದ ವಿಷಯ

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಯಾಯೀರನ ಸಾಯುವ ಮಗಳ ಬಳಿಗೆ ಅವಸರದಲ್ಲಿ ಹೊರಟಿದ್ದಾನೆ. ದಾರಿಯಲ್ಲಿ ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಬಟ್ಟೆ ಮುಟ್ಟುತ್ತಾಳೆ. ಆತ ನಿಲ್ಲುತ್ತಾನೆ, ಅವಳು ಎಲ್ಲವನ್ನೂ ಹೇಳಿ ಮುಗಿಸುವ ತನಕ ಕೇಳುತ್ತಾನೆ. ಕಾಯುತ್ತಿದ್ದ ಯಾಯೀರನಿಗೆ ಹೇಗಾಗಿರಬೇಡ!

ನಮ್ಮ ದಿನದಲ್ಲಿ ನಿಲ್ಲುವುದಕ್ಕೆ ಜಾಗವೇ ಇರುವುದಿಲ್ಲ, ಅದಕ್ಕೇ ಯಾರು ಬಾಗಿಲು ತಟ್ಟಿದರೂ ಕಿರಿಕಿರಿ. ದಿನಕ್ಕೆ ಅರ್ಧ ಗಂಟೆಯನ್ನು ಯಾವುದಕ್ಕೂ ಒಪ್ಪಿಸದೆ ಖಾಲಿ ಇಡಿ. ಯಾರಾದರೂ ಬಂದರೆ ಅದು ಅವರದು. ಯಾರೂ ಬಾರದಿದ್ದರೆ, ಮಕ್ಕಳು ಹೊರದೇಶದಲ್ಲಿದ್ದು ಒಂಟಿಯಾಗಿರುವ ಸಭೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ. ಮಾತಾಡುವಾಗ ಟಿವಿಯ ಸದ್ದು ಇಳಿಸಿ. ಅವರು ಹೋದ ಸಲ ಹೇಳಿದ ಮೊಣಕಾಲಿನ ಕಥೆಯನ್ನೇ ಮತ್ತೆ ಹೇಳಿದರೆ ಮತ್ತೆ ಕೇಳಿ.

ಇಷ್ಟವಾಗದವರ ವಿಷಯಕ್ಕೆ ಬಂದರೆ, ಫ್ರಾನ್ಸಿನ ಲಿಸ್ಯೂ ಮಠದ ಸಂತ ತೆರೇಸಾ (1873–1897) ತಮ್ಮ ಆತ್ಮಕಥೆಯಲ್ಲಿ ಬರೆದದ್ದು ಉಪಯೋಗಕ್ಕೆ ಬರುತ್ತದೆ. ಮಠದಲ್ಲಿ ಒಬ್ಬ ಸಿಸ್ಟರ್ ಎಲ್ಲದರಲ್ಲೂ ಅವರಿಗೆ ಸೇರುತ್ತಿರಲಿಲ್ಲ. ಎದುರಾದಾಗಲೆಲ್ಲ ಆಕೆಗಾಗಿ ಪ್ರಾರ್ಥಿಸಿ, ಅತಿ ಪ್ರಿಯರಿಗೆ ಮಾಡುವುದನ್ನೇ ಆಕೆಗೂ ಮಾಡಿ, ಚುಚ್ಚುಮಾತು ಬಾಯಿಗೆ ಬಂದಾಗ ನಕ್ಕು ಸುಮ್ಮನಾದರು. ಕೊನೆಗೆ ಆ ಸಿಸ್ಟರೇ, ನನ್ನಲ್ಲಿ ಅಷ್ಟು ಮೆಚ್ಚುವಂಥದ್ದು ಏನು ಕಂಡಿರಿ ಎಂದು ಕೇಳಿದರಂತೆ. ಇದು ಕಪಟವಲ್ಲವೇ ಎಂದು ಕೇಳುವವರಿದ್ದಾರೆ. ಮನಸ್ಸು ಒಲಿದ ಮೇಲೆ ಒಳ್ಳೆಯದು ಮಾಡುವುದು ಸುಲಭ, ಅದಕ್ಕೆ ಕ್ರೈಸ್ತರೇ ಆಗಬೇಕೆಂದಿಲ್ಲ. ಒಲಿಯದೆಯೂ ಮಾಡುವುದನ್ನೇ ಅಭ್ಯಾಸ ಎನ್ನುವುದು.

ಹಣ ಮತ್ತು ಅನ್ನ

ಎರಡನೆಯ ಶತಮಾನದಲ್ಲಿ ಅಥೆನ್ಸಿನ ಅರಿಸ್ಟೈಡಿಸ್ ರೋಮ್ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಬರೆದ ಮನವಿಯಲ್ಲಿ ಒಂದು ಸಂಗತಿ ಇದೆ. ಇವರ ನಡುವೆ ಬಡವನೊಬ್ಬನಿದ್ದು ಕೊಡಲು ತಮ್ಮಲ್ಲೂ ಹೆಚ್ಚಿಲ್ಲದಿದ್ದರೆ, ಎರಡು ಮೂರು ದಿನ ಉಪವಾಸವಿದ್ದು ಅವನ ಊಟಕ್ಕೆ ಒದಗಿಸುತ್ತಾರೆ ಎಂದು. ಉಪವಾಸದ ಅಕ್ಕಿ ಇನ್ನೊಬ್ಬರ ಗಡಿಗೆಗೆ ಹೋಗುತ್ತಿತ್ತು. ನಾವು ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಟ್ಟು, ಉಳಿದ ಹಣದಲ್ಲಿ ಈಸ್ಟರಿಗೆ ಎರಡು ಪಟ್ಟು ತರುತ್ತೇವೆ. ಬಿಟ್ಟದ್ದರ ಬೆಲೆಯನ್ನು ವಾರವಾರ ಒಂದು ಡಬ್ಬಿಗೆ ಹಾಕಿ ನೋಡಿ. ವಾರಕ್ಕೆ ಒಂದು ಕಿಲೋ ಕೋಳಿ ಬಿಟ್ಟರೂ ಆರು ವಾರದಲ್ಲಿ ಒಂದು ಮಗುವಿನ ನೋಟ್‌ಪುಸ್ತಕಗಳ ಖರ್ಚು ಕೂಡುತ್ತದೆ.

ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ಬುಹ್‌ಫಾಯ್ ಥಾಮ್ ಎಂಬ ಪದ್ಧತಿ ನೂರು ವರ್ಷಕ್ಕೂ ಹಿಂದಿನಿಂದ ನಡೆದಿದೆ. ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ಬೇರೆ ಇಡುವುದು, ಅದನ್ನು ಕೂಡಿಸಿ ಸಭೆಗೆ ಕೊಡುವುದು. ಇಲ್ಲಿ ನನಗೆ ಹಿಡಿಸುವುದು ಅದರ ಸಮಯ: ಉಂಡು ಮಿಕ್ಕಿದ್ದಲ್ಲ, ಒಲೆಗೆ ಏರುವ ಮೊದಲೇ ತೆಗೆದದ್ದು. ಬಡ ವಿಧವೆ ಕಾಣಿಕೆಪೆಟ್ಟಿಗೆಗೆ ಹಾಕಿದ ಎರಡು ಕಾಸು ಯೇಸುವಿಗೆ ದೊಡ್ಡದಾಗಿ ಕಂಡದ್ದೂ ಇದೇ ಕಾರಣಕ್ಕೆ. ನಿಮ್ಮ ಸಂಬಳ ಬಂದ ದಿನವೇ ತೆಗೆದಿಡಿ, ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಸತ್ಯ.

ಕೊಡುವ ಬಗೆಯಲ್ಲಿ ಎರಡು ಎಚ್ಚರ. ಪಡೆಯುವವರು ತಲೆ ತಗ್ಗಿಸುವಂತೆ ಕೊಡಬೇಡಿ. ಸಾಧ್ಯವಾದರೆ ಫೀಸನ್ನು ಶಾಲೆಗೇ ಕಟ್ಟಿ, ಔಷಧಿಯನ್ನು ಅಂಗಡಿಯಿಂದಲೇ ಕಳಿಸಿ. ಸಾಲ ಎಂದು ಕೊಟ್ಟು ಮರುವಾರ ಮುಖ ನೋಡುವುದಕ್ಕಿಂತ, ಕೈಲಾದಷ್ಟನ್ನು ಕೊಟ್ಟು ಮರೆತುಬಿಡುವುದು ಮೇಲು. ಮತ್ತೆ, ಗಂಡ ಹೆಂಡತಿ ಒಬ್ಬರಿಗೊಬ್ಬರು ತಿಳಿಸದೆ ಕೊಡುವುದು ಬೇಡ. ಹೆಂಡತಿಯ ಒಡವೆ ಅಡವಿಟ್ಟು ಊರಿಗೆ ಉಪಕಾರ ಮಾಡುವವನು ತ್ಯಾಗ ಮಾಡಿಸುತ್ತಿದ್ದಾನೆ, ಮಾಡುತ್ತಿಲ್ಲ. ಇತರರಿಗೆ ಸುಖ, ನಿಮಗೆ ಕಷ್ಟ ಆಗಲೆಂದು ನಾನು ಹೇಳುತ್ತಿಲ್ಲ ಎಂದು ಪೌಲನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಎಂಟನೆಯ ಅಧ್ಯಾಯದಲ್ಲಿ ಸ್ಪಷ್ಟಪಡಿಸುತ್ತಾನೆ.

ಪಾಲಿನ ದಿನ

ಕುಟುಂಬ ಪ್ರಾರ್ಥನೆಯಲ್ಲಿ ಒಟ್ಟಿಗೆ ಹಾಡಿದ ಅಣ್ಣತಮ್ಮಂದಿರು ಸರ್ವೆ ಅಳತೆಯ ದಿನ ಮಾತು ಬಿಡುತ್ತಾರೆ. ಪ್ರೀತಿಯ ನಿಜವಾದ ಬೆಲೆ ರೂಪಾಯಿಯಲ್ಲಿ ಗೊತ್ತಾಗುವುದು ಇಲ್ಲೇ. ಆದಿಕಾಂಡ 13ರಲ್ಲಿ ಅಬ್ರಾಮ ಹಿರಿಯ, ದೇವರು ಕರೆದದ್ದು ಅವನನ್ನು, ವಾಗ್ದಾನವೂ ಅವನಿಗೇ. ಆದರೂ ಸಹೋದರನ ಮಗ ಲೋಟನಿಗೆ, ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಹೋಗುತ್ತೇನೆ ಎಂದ. ಲೋಟ ನೀರಾವರಿಯ ಬಯಲನ್ನೇ ಆರಿಸಿಕೊಂಡ.

ಹೀಗೆ ಮಾಡಿ: ಪಾಲುಗಳನ್ನು ಹಿರಿಯವನು ಮಾಡಲಿ, ಆರಿಸುವ ಸರದಿ ಕಿರಿಯರಿಗೆ ಮೊದಲು ಬರಲಿ. ರಸ್ತೆಗೆ ತಾಗಿದ ಭಾಗ ಯಾರಿಗೆ ಹೋಗಲಿದೆ ಎಂದು ತಿಳಿಯದೆ ಪಾಲು ಮಾಡುವವನು ತಾನಾಗಿಯೇ ಸಮ ಮಾಡುತ್ತಾನೆ.

ಅಕ್ಕತಂಗಿಯರ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಉಯಿಲು ಇಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಅದರಲ್ಲಿ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಸಮಪಾಲು. ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ತಂಗಿಯನ್ನು ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ನಮ್ಮ ತಂಗಿ ದೊಡ್ಡ ಮನಸ್ಸಿನವಳು ಎಂದು ಹೊಗಳುವ ಅಣ್ಣಂದಿರು ಎಲ್ಲ ಊರಿನಲ್ಲೂ ಇದ್ದಾರೆ. ತವರು ಮುಚ್ಚೀತೆಂಬ ಹೆದರಿಕೆಯಿಂದ ಹಾಕಿದ ಸಹಿಯಲ್ಲಿ ಪ್ರೀತಿ ಎಲ್ಲಿಂದ ಬರಬೇಕು? ಅಣ್ಣನಾದವನು ಮೊದಲು ಅವಳ ಪಾಲನ್ನು ಅವಳ ಹೆಸರಿಗೆ ಮಾಡಿಸಲಿ. ಆಮೇಲೆ ಅವಳು ಕೊಡುವುದೂ ಬಿಡುವುದೂ ಅವಳ ಇಷ್ಟ.

ದಾರಿಯಲ್ಲಿ ಬಿದ್ದವನು

ಒಳ್ಳೆಯ ಸಮಾರ್ಯದವನ ಸಾಮ್ಯ ಸಂಡೇ ಸ್ಕೂಲಿನ ಮಗುವಿಗೂ ಬಾಯಿಪಾಠ: ಕಳ್ಳರು ಹೊಡೆದು ಬಿಟ್ಟುಹೋದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಕಂಡು ದಾಟಿಹೋದರು, ನೆರವಾದವನು ಪರಕೀಯನಾದ ಸಮಾರ್ಯದವನು. ಆದರೆ ಅಪಘಾತವಾದಾಗ ನಾವು ಯಾಜಕನಂತೆ, ಲೇವಿಯನಂತೆ ಪಕ್ಕದಿಂದ ಹೋಗಲು ಪೊಲೀಸ್ ಠಾಣೆ, ಕೋರ್ಟು ಎಂಬ ನೆಪ ಇತ್ತು. ಈಗ ಅದೂ ಉಳಿದಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 134ಎ ಕಲಂ, ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ ಎನ್ನುತ್ತದೆ. ಕಾನೂನು ಅಂಥವರನ್ನು ಕರೆಯುವ ಹೆಸರೇ ಒಳ್ಳೆಯ ಸಮಾರ್ಯದವನೆಂದು! ನೀವು ಮಾಡಬೇಕಾದದ್ದು: 108ಕ್ಕೆ ಅಥವಾ 112ಕ್ಕೆ ಕರೆ, ಹಿಂದಿನ ವಾಹನಗಳಿಗೆ ಕೈಸನ್ನೆ, ಬಿದ್ದವರನ್ನು ಅನಗತ್ಯವಾಗಿ ಎಳೆದಾಡದೆ ಆಂಬುಲೆನ್ಸ್ ಬರುವ ತನಕ ಜೊತೆಗಿರುವುದು, ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯುವುದು. ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ರಕ್ತದಾನವೂ ಇದೇ ಸಾಲಿನದು. 18ರಿಂದ 65ರ ವಯಸ್ಸು, ಕನಿಷ್ಠ 45 ಕಿಲೋ ತೂಕ, ಆರೋಗ್ಯ ಸರಿ ಇದ್ದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಯಾರಿಗೆ ಹೋಯಿತು, ಅವರ ಜಾತಿ ಧರ್ಮ ಯಾವುದು ಎಂದು ನಿಮಗೆ ಗೊತ್ತಾಗುವುದೇ ಇಲ್ಲ.

ಸಮಾರ್ಯದವನು ಮಾಡದ ಒಂದು ಕೆಲಸವನ್ನೂ ಗಮನಿಸಿ. ಅವನು ತನ್ನ ಪ್ರಯಾಣವನ್ನು ಕೈಬಿಡಲಿಲ್ಲ. ಗಾಯ ಕಟ್ಟಿ, ಕತ್ತೆಯ ಮೇಲೆ ಕೂರಿಸಿ, ಒಂದು ರಾತ್ರಿ ಜೊತೆಗಿದ್ದು, ಮರುದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚಾದರೆ ತಿರುಗಿ ಬರುವಾಗ ತೀರಿಸುತ್ತೇನೆಂದು ಹೇಳಿ ಹೊರಟ. ಎಲ್ಲವನ್ನೂ ಒಬ್ಬನೇ ಹೊರಬೇಕೆಂದು ಅವನಿಗೆ ಅನ್ನಿಸಲಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಶುರು ಮಾಡಿದ್ದು ಹೋಮಿಯೋಪತಿ ಔಷಧಿ ಕೊಡುವ ಸಣ್ಣ ಕೆಲಸ. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆಯಾಯಿತು. ಅವರು ತೀರಿ ನೂರು ವರ್ಷ ಕಳೆದರೂ ಅದು ನಡೆಯುತ್ತಿರುವುದು, ಕೆಲಸವನ್ನು ಬೇರೆ ಕೈಗಳಿಗೆ ಒಪ್ಪಿಸಿದ್ದರಿಂದ.

ಎಲ್ಲಿ ನಿಲ್ಲಬೇಕು

ಹೊಡೆತವನ್ನು ಸಹಿಸುವುದು ಶಿಲುಬೆ ಹೊರುವುದಲ್ಲ. ಕುಡಿತಕ್ಕೆ ಹಣ ಒದಗಿಸುವುದು ಕ್ಷಮೆಯಲ್ಲ. ಯೇಸು ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳಲಿಲ್ಲ, ತಾನಾಗಿಯೇ ಕೊಡುತ್ತೇನೆ ಎಂದದ್ದು ಯೋಹಾನ 10ರಲ್ಲಿದೆ. ನಜರೇತಿನವರು ಬೆಟ್ಟದಿಂದ ತಳ್ಳಲು ಬಂದಾಗ ಅದೇ ಯೇಸು ಅವರ ನಡುವಿನಿಂದ ಹಾದು ಹೊರಟುಹೋದ. ಮನೆಯಲ್ಲಿ ಹಿಂಸೆ ಇದ್ದರೆ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಗಂಡನ ಮನೆಯಲ್ಲೇ ಇರುವ ಹಕ್ಕನ್ನೂ ರಕ್ಷಣೆಯನ್ನೂ ಕೊಡುತ್ತದೆ. ಸಭಾಪಾಲಕರು ಪ್ರಾರ್ಥಿಸಿ ಮನೆಗೆ ಕಳಿಸಿಬಿಟ್ಟರೆ ಇನ್ನೊಬ್ಬರ ಬಳಿ ಹೋಗಿ. ಕ್ಷಮಿಸಬಹುದು; ಒಂದೇ ಸೂರಿನಡಿ ಇರಬೇಕೆಂದಿಲ್ಲ.

ದಣಿವಿಗೂ ಜಾಗ ಕೊಡಿ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯರು ಬಂದಾಗ ಯೇಸು ಕತ್ತಲಿರುವಾಗಲೇ ಎದ್ದು ಒಂಟಿಯಾಗಿ ಪ್ರಾರ್ಥಿಸುತ್ತಿದ್ದ. ದೋಣಿಯಲ್ಲಿ ತಲೆದಿಂಬಿಟ್ಟು ಮಲಗಿದ್ದ.

ಇನ್ನು ಸಭೆಯ ಕೆಲಸದ ನೆಪ. ಗಾಯನ ತಂಡ, ಸಮಿತಿ, ಮನೆಮನೆ ಪ್ರಾರ್ಥನೆ ಎಂದು ವಾರದ ಐದು ಸಂಜೆ ಹೊರಗಿದ್ದು, ಮನೆಯಲ್ಲಿ ಅಪ್ಪನಿಗೆ ಕಣ್ಣಿನ ಹನಿ ಹಾಕುವವರಿಲ್ಲದಿದ್ದರೆ ಮಾರ್ಕ 7 ಓದಿ. ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಗೆ ಕೊಡಬೇಕಾದದ್ದನ್ನು ತಪ್ಪಿಸುವವರ ಮೇಲೆ ಅಲ್ಲಿ ಯೇಸು ಕೋಪಗೊಂಡಿದ್ದಾನೆ. ಶಿಲುಬೆಯ ಮೇಲಿಂದಲೂ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಲು ಮರೆಯದವನು ಆತ. ಸಮಿತಿಯನ್ನು ಒಂದು ವರ್ಷ ಬಿಟ್ಟರೆ ಸಭೆ ಮುಳುಗುವುದಿಲ್ಲ.

ಸಭೆಯಾಗಿ ಮಾಡಬಹುದಾದದ್ದು ಬೇರೆ ಇದೆ. ರೋಗಿಯನ್ನು ನೋಡಿಕೊಳ್ಳುವ ಮನೆಗೆ ಹಣ್ಣು ಹಿಡಿದು ಹತ್ತು ಮಂದಿ ಹೋಗಿ ಕಾಫಿ ಕುಡಿದು ಬರುವ ಬದಲು, ಸ್ತ್ರೀಯರ ಸಂಘವೂ ಯುವಕರ ಸಂಘವೂ ಸೇರಿ ಪಾಳಿಪಟ್ಟಿ ಮಾಡಲಿ: ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಒಬ್ಬರು ರೋಗಿಯ ಬಳಿ ಕೂರುವುದು, ಗುರುವಾರ ರಾತ್ರಿಯ ಊಟ ಇನ್ನೊಂದು ಮನೆಯಿಂದ, ಶನಿವಾರ ಆಸ್ಪತ್ರೆಗೆ ಗಾಡಿ ಮತ್ತೊಬ್ಬರದು. ಪಟ್ಟಿಯಲ್ಲಿ ಗಂಡಸರ ಹೆಸರೂ ಅರ್ಧದಷ್ಟು ಇರಲಿ. ಒಪ್ಪಿಕೊಂಡವರು ಬಾರದ ದಿನ ಯಾರು ಹೋಗಬೇಕೆಂಬುದನ್ನೂ ಮೊದಲೇ ಬರೆದಿಡಿ.

ಒಂದು ತಿಂಗಳಾದ ಮೇಲೆ

ಒಂದು ತಿಂಗಳ ನಂತರ ಮೊದಲ ವಾರದ ಚೀಟಿಯನ್ನು ಮತ್ತೆ ತೆಗೆಯಿರಿ. ನಿಮ್ಮ ಕೆಲಸ ನಿಮ್ಮ ಕೈಯಲ್ಲೇ ಇದೆಯೇ, ಮೆಲ್ಲಗೆ ಹಳೆಯ ಕೈಗೆ ಜಾರಿದೆಯೇ ನೋಡಿ. ಜಾರಿದ್ದರೆ ಬೇರೆ ಕೆಲಸ ಹುಡುಕಬೇಡಿ, ಅದನ್ನೇ ಮತ್ತೆ ಹಿಡಿಯಿರಿ. ನಿಂತಿದ್ದರೆ ಚೀಟಿಯಲ್ಲಿ ಯಾರ ಹೆಸರು ತುಂಬಿತ್ತೋ ಅವರ ಬಳಿ ಕೂತು, ಇನ್ನು ಯಾವುದನ್ನು ಬಿಡಲು ನಿಮಗೆ ಇಷ್ಟ ಎಂದು ಕೇಳಿ. ಏನೂ ಬೇಡ ಎನ್ನುತ್ತಾರೆ. ಎರಡು ದಿನ ಬಿಟ್ಟು ಮತ್ತೆ ಕೇಳಿ.